ಉಳುಮೆಯ ಧಾತುವೂ 'ಆರ್ಯ' ಶಬ್ದವೂ

1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಮ್ಯಾಕ್ಸ್ ಮುಲ್ಲರ್ ಅವರು, 'ಆರ್ಯ' ಶಬ್ದವು ಉಳುಮೆಯ ಅರ್ಥವುಳ್ಳ 'ಅರ್' ಧಾತುವಿನಿಂದ ಹುಟ್ಟಿತೆಂದೂ, ಅಲೆಮಾರಿ ತುರಾನಿಗಳಿಂದ ಬೇರೆಯೆನಿಸಲು ಕೃಷಿಕರು ತಳೆದ ಹೆಸರು ಅದೆಂದೂ ಊಹಿಸಿದರು. ಭಾಷಾಶಾಸ್ತ್ರಜ್ಞರು ಈ ವ್ಯುತ್ಪತ್ತಿಯನ್ನು ಕೈಬಿಟ್ಟು ಬಹುಕಾಲವಾಯಿತು. ಆದರೆ ನೇಗಿಲಿಗೆ ಒಂದು ಜನಾಂಗವನ್ನು ಕಟ್ಟುವ ಅಭ್ಯಾಸವು ಇತಿಹಾಸದ ತರಗತಿಗಳಿಂದ ಇನ್ನೂ ತೊಲಗಿಲ್ಲವಾದ್ದರಿಂದ, ಆ ಧಾತುವು ಹೇಳುವುದೇನೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಧಾತುವಿನ ಅಸ್ತಿತ್ವದಲ್ಲಿ ಸಂದೇಹವಿಲ್ಲ. ಗ್ರೀಕಿನ 'ಅರೋಓ', ಲ್ಯಾಟಿನ್ನಿನ 'ಅರಾರೆ', ಗಾಥಿಕ್‌ನ 'ಅರ್ಯನ್', ಲಿಥುವೇನಿಯನ್ನಿನ 'ಆರ್ತಿ', ಪ್ರಾಚೀನ ಸ್ಲಾವಿಕ್‌ನ 'ಒರಾತಿ' ಇವೆಲ್ಲಕ್ಕೂ ಉಳುವುದೆಂದೇ ಅರ್ಥ. ಗ್ರೀಕಿನ 'ಅರೋತ್ರೋನ್', ಲ್ಯಾಟಿನ್ನಿನ 'ಅರಾತ್ರುಮ್' ಎಂಬ ನೇಗಿಲಿನ ಹೆಸರುಗಳೂ ಇದರಿಂದಲೇ ಬಂದವು. ಇಂದು ಮೂಲರೂಪವನ್ನು ಆದಿಯಲ್ಲಿಯೂ ಅಂತ್ಯದಲ್ಲಿಯೂ ಒಂದೊಂದು ಕಂಠನಾಳೀಯ ಧ್ವನಿಯನ್ನಿಟ್ಟು '*ಹ₂ಎರ್ಹ₃' ಎಂದು ಬರೆಯುತ್ತಾರೆ. ಗ್ರೀಕ್ ರೂಪದ ಮೊದಲ 'ಅ'ಕಾರಕ್ಕೂ ಅನಂತರದ 'ಒ'ಕಾರಕ್ಕೂ ಇವೇ ಕಾರಣ. ಇಂಥ ಧ್ವನಿಗಳಿದ್ದುವೆಂದು ಸೊಸ್ಯೂರ್ ತಮ್ಮ 1879ರ ಗ್ರಂಥದಲ್ಲಿ ಕೇವಲ ತರ್ಕಬಲದಿಂದ ಸೂಚಿಸಿದ್ದರು. ಅವುಗಳ ಕುರುಹನ್ನು ಹಿತ್ತೈಟ್ ಭಾಷೆಯ 'ಹ'ಕಾರದಲ್ಲಿ 1927ರಲ್ಲಿ ಕುರಿವೋವಿಚ್ ತೋರಿಸಿಕೊಟ್ಟರು. ಪುನಾರಚನೆಯೆಂಬುದು ಬರಿಯ ಊಹೆಯಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ.

ತೊಡಕಿರುವುದು ಸಂಸ್ಕೃತದಲ್ಲಿ. ವೇದಭಾಷೆಯಲ್ಲಿ ಈ ಕ್ರಿಯಾಪದವೇ ಇಲ್ಲ. 'ಉರ್ವರಾ' ಶಬ್ದವನ್ನು ಕೆಲವರು ಇದಕ್ಕೆ ಸೇರಿಸುವರಾದರೂ ಅದು ಚರ್ಚಾಸ್ಪದ. ಅಲ್ಲಿ ಉಳುಮೆಗೆ ಬಳಕೆಯಾಗಿರುವುದು, ಎಳೆಯುವುದೆಂಬ ಅರ್ಥವೂ ಇರುವ 'ಕೃಷ್' ಧಾತು. ಇರಾನಿನ ಅವೆಸ್ತಾದಲ್ಲಿಯೂ ಅದರ ಸಜಾತಿಯೇ ಇದೆ. ಆದರೆ ತಮ್ಮನ್ನು ಆರ್ಯರೆಂದು ಕರೆದುಕೊಂಡವರು ಯಾರು? ವೇದಕಾಲದ ಭಾರತೀಯರು ಮತ್ತು ಇರಾನಿಯರು. ನಕ್ಷ್-ಎ-ರುಸ್ತಮ್ ಶಾಸನದಲ್ಲಿ ದಾರಿಯಸ್ ದೊರೆಯು ತನ್ನನ್ನು ಹಾಗೆಂದೇ ಹೇಳಿಕೊಂಡಿದ್ದಾನೆ. ಹೆಸರುಳ್ಳವರಲ್ಲಿ ಧಾತುವಿಲ್ಲ; ಧಾತುವುಳ್ಳ ಗ್ರೀಕರೂ ರೋಮನರೂ ಆ ಹೆಸರನ್ನು ತಳೆಯಲಿಲ್ಲ. ಮುಲ್ಲರ್ ಅವರ ವಾದವು ಮುರಿದುಬೀಳುವುದು ಇಲ್ಲಿಯೇ.

ಹಾಗೆಂದು, ಈ ಧಾತುವಿಲ್ಲದ ಶಾಖೆಯವರು ಉಳುಮೆಯನ್ನೇ ಅರಿಯದವರೆಂಬ ಎದುರುವಾದವೂ ಗ್ರಾಹ್ಯವಲ್ಲ. ಪದವು ಬಿದ್ದುಹೋದ ಮಾತ್ರಕ್ಕೆ ಕಸುಬು ಬಿದ್ದುಹೋಗುವುದಿಲ್ಲ. ಇದು ಯೂರೋಪಿನ ಪದವೇ ಎನ್ನುವಂತೆಯೂ ಇಲ್ಲ. ಮಧ್ಯ ಏಷ್ಯದ ತೊಖಾರಿಯನ್ನಿನಲ್ಲಿ 'ಆರೆ' ಎಂದರೆ ನೇಗಿಲು. ಋಗ್ವೇದದ ನಾಲ್ಕನೆಯ ಮಂಡಲದ 57ನೆಯ ಸೂಕ್ತದಲ್ಲಿ ಬರುವ 'ಲಾಂಗಲ'ವಾದರೋ ಇಂಡೋ-ಯೂರೋಪಿಯನ್ ಮೂಲದ್ದಲ್ಲವೆಂದು ಬಹುಮಂದಿ ವಿದ್ವಾಂಸರ ಮತ. ನಮ್ಮ 'ನೇಗಿಲು' ಅದರ ನಂಟು. ಯಾರಿಂದ ಯಾರು ಪಡೆದರೆಂಬ ವಾದ ಮಾತ್ರ ಮುಗಿದಿಲ್ಲ. ರಾಜಸ್ಥಾನದ ಕಾಲಿಬಂಗನ್ನಿನಲ್ಲಿ 1960ರ ದಶಕದ ಉತ್ಖನನದಿಂದ ಹೊರಬಿದ್ದ ಉತ್ತ ಹೊಲವು ಸುಮಾರು ಕ್ರಿ. ಪೂ. 2800ರದು, ಎಂದರೆ ಋಗ್ವೇದಕ್ಕಿಂತ ಬಹು ಹಿಂದಿನದು.

ಇನ್ನು, ಯುಗಾದಿಯ 'ಹೊನ್ನಾರು' ಎಂಬಲ್ಲಿನ 'ಆರು' ಶಬ್ದವನ್ನು ಲ್ಯಾಟಿನ್ನಿನ 'ಅರಾರೆ'ಯೊಡನೆ ಹೂಡುವ ಆಸೆ ನಮ್ಮ ವಿದ್ಯಾರ್ಥಿಗಳಿಗೆ ಹುಟ್ಟುವುದು ಸಹಜ. ತಮಿಳಿನ 'ಏರ್', ಕನ್ನಡದ 'ಏರು' ಇವುಗಳ ಜೊತೆಗಿರುವ ದ್ರಾವಿಡ ಶಬ್ದವದು. ಗ್ರೀಕಿಗೂ ಲಿಥುವೇನಿಯನ್ನಿಗೂ ನಡುವೆ ಕಾಣುವಂಥ ನಿಯತವಾದ ಧ್ವನಿಸಂವಾದವು ಇಲ್ಲಿ ದೊರೆಯುವುದಿಲ್ಲ.