ಸಂಜೆ ಆರಕ್ಕೆ ಬಾಗಿಲು ಹಾಕುವ ಊರು

ಜೊನಾಥನ್ ಕಾಪ್ಲನ್ ನಿರ್ದೇಶಿಸಿದ ‘ಓವರ್ ದಿ ಎಡ್ಜ್’ (1979) ಬಗ್ಗೆ ಮಾತು ಬಂದಾಗ ಹೆಚ್ಚಾಗಿ ಕೇಳುವುದು ಎರಡೇ ಸಂಗತಿ: ಅದು ಮ್ಯಾಟ್ ಡಿಲನ್ನನ ಮೊದಲ ಚಿತ್ರ, ನಿರ್ವಾಣ ತಂಡದ ಕರ್ಟ್ ಕೊಬೇನ್‌ಗೆ ಅಚ್ಚುಮೆಚ್ಚಿನದು. ಚಿತ್ರ ಏನು ಹೇಳುತ್ತಿದೆ ಎನ್ನುವುದು ಹಿಂದೆಯೇ ಉಳಿದುಬಿಡುತ್ತದೆ.

ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ ಎಳೆಯರು ನಡೆಸಿದ ದಾಂಧಲೆಗಳ ಕುರಿತ 1973ರ ಪತ್ರಿಕಾ ವರದಿಯೊಂದು ಈ ಕತೆಗೆ ಮೂಲ. ಚಿತ್ರದಲ್ಲಿ ಊರಿನ ಹೆಸರು ನ್ಯೂ ಗ್ರನಾಡಾ. ಒಂದೇ ಅಚ್ಚಿನ ಮನೆಗಳು, ನಡುವೆ ಬಯಲೋ ಬಯಲು. ಹುಡುಗರಿಗೆಂದು ಇರುವುದು ‘ರೆಕ್’ ಎಂಬ ಒಂದು ಶೆಡ್ಡು. ಅದೂ ಸಂಜೆ ಆರಕ್ಕೆ ಬಂದ್. ಅವರ ಮನರಂಜನೆಗೆಂದು ಹೇಳಿಟ್ಟಿದ್ದ ಜಾಗವನ್ನು ಕೈಗಾರಿಕೆಗೆ ಕೊಡುವ ಯೋಚನೆ ನಡೆದಿದೆ. ಟೆಕ್ಸಾಸ್‌ನ ಬಂಡವಾಳದಾರರು ಬರುವ ದಿನವಂತೂ ರೆಕ್ಕನ್ನೇ ಮುಚ್ಚಿಸುತ್ತಾರೆ.

1955ರ ‘ರೆಬೆಲ್ ವಿದೌಟ್ ಎ ಕಾಸ್’ ಜೊತೆಗಿಟ್ಟು ನೋಡಿದರೆ ಇದರ ಬೇರೆತನ ತಿಳಿಯುತ್ತದೆ. ಅಲ್ಲಿ ಜಿಮ್‌ನ ಸಿಟ್ಟಿನ ಬೇರು ಮನೆಯೊಳಗಿದೆ, ಅಪ್ಪನ ಪುಕ್ಕಲುತನದಲ್ಲಿದೆ. ಇಲ್ಲಿ ಕಾರ್ಲ್‌ನ ಅಪ್ಪ ಕೆಟ್ಟವನೇನಲ್ಲ. ಕ್ಯಾಡಿಲಾಕ್ ಕಾರು ಮಾರುವ ಸಾಮಾನ್ಯ ಮನುಷ್ಯ, ಊರಿನ ಏಳಿಗೆಯಲ್ಲೇ ತನ್ನ ಲಾಭ ಕಂಡವನು. ಸೈಟಿನ ಬೆಲೆ ಬೀಳುತ್ತದೆ ಎಂದಾಗ ಸ್ವಂತ ಮಗನೇ ಅವನಿಗೆ ತೊಡಕಾಗುತ್ತಾನೆ. ಪೀಳಿಗೆಗಳ ಜಗಳದ ಕತೆಯೆಂದು ಇದನ್ನು ಓದುವವರು ಈ ಭೂಮಿ ವ್ಯವಹಾರವನ್ನು ಹಿನ್ನೆಲೆ ಎಂದುಕೊಳ್ಳುತ್ತಾರೆ. ನನಗೆ ಅದೇ ಕತೆ.

ಓಡಿಹೋಗುವಾಗ ರಿಚಿ (ಡಿಲನ್) ಪೊಲೀಸ್ ಡಾಬರ್ಮನ್‌ನ ಕಡೆ ಪಿಸ್ತೂಲು ಹಿಡಿಯುತ್ತಾನೆ. ಅದರಲ್ಲಿ ಗುಂಡಿಲ್ಲ ಎಂದು ನಮಗೆ ಗೊತ್ತು, ಗೆಳೆಯ ಕಾರ್ಲ್‌ಗೆ ಗೊತ್ತು. ಪೊಲೀಸನಿಗೆ ಗೊತ್ತಿಲ್ಲ; ಹೊಡೆಯುತ್ತಾನೆ. ಈ ಸಾವಿನ ನಂತರ ದೊಡ್ಡವರು ಶಾಲೆಯಲ್ಲಿ ಸಭೆ ಸೇರಿದಾಗ ಮಕ್ಕಳು ಹೊರಗಿನಿಂದ ಬಾಗಿಲು ಬಂಧಿಸಿ ಅವರ ಕಾರುಗಳನ್ನು ಪುಡಿಮಾಡುತ್ತಾರೆ. ಇಲ್ಲಿ ನನ್ನದೊಂದು ತಕರಾರಿದೆ. ಕಾಪ್ಲನ್‌ಗೆ ಬೆಂಕಿಯ ಚಂದ ಎಷ್ಟು ಹಿಡಿಸಿದೆಯೆಂದರೆ ರಿಚಿಯ ಸಾವಿನ ಭಾರ ಅಲ್ಲಿ ಹಗುರಾಗುತ್ತದೆ. ಹುಡುಗರಷ್ಟೇ ಗಟ್ಟಿಗಿತ್ತಿಯಾದ ಕೋರಿಯೂ ಕೊನೆಗೆ ಕಾರ್ಲ್‌ನ ಹುಡುಗಿಯಾಗಿಯಷ್ಟೇ ಉಳಿಯುತ್ತಾಳೆ.

ಅದೇ ವರ್ಷ ‘ದಿ ವಾರಿಯರ್ಸ್’ ಪ್ರದರ್ಶನಗಳ ವೇಳೆ ಗಲಾಟೆಗಳಾಗಿದ್ದರಿಂದ ಹೆದರಿದ ಓರಿಯನ್ ಸಂಸ್ಥೆ ಇದನ್ನು ಬೆರಳೆಣಿಕೆಯ ಚಿತ್ರಮಂದಿರಗಳಲ್ಲಷ್ಟೇ ತೋರಿಸಿತು. ಯಾರ ಕುರಿತ ಚಿತ್ರವೋ ಆ ವಯಸ್ಸಿನವರು ಅದನ್ನು ನೋಡಿದ್ದು ಆಮೇಲೆ, ಕೇಬಲ್ ಟಿವಿಯಲ್ಲಿ, ತಮ್ಮ ತಮ್ಮ ಮನೆಗಳೊಳಗೆ ಕೂತು.