ಅನೀವಾ ದ್ವೀಪದ ಪೇಟನ್ ದಂಪತಿಗಳು: ಒಂದು ಬಾಳು, ಎರಡು ಗ್ರಂಥ

ಕನ್ನಡ ವಾಚಕನಿಗೆ ಮಿಶನರಿ ಎಂದೊಡನೆ ನೆನಪಾಗುವುದು ಒಂದು ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಆ ಮಹಾಕೃತಿಯೂ, ಅದಕ್ಕೆ ಅರ್ಧ ಶತಮಾನ ಮೊದಲು, 1843ರಲ್ಲಿ, ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ನಮ್ಮ ಮನಸ್ಸನ್ನು ಎಷ್ಟು ತುಂಬಿಕೊಂಡಿವೆಯೆಂದರೆ, ಆ ಮಹನೀಯರು ಚಳಿಜ್ವರದಿಂದ ಮಲಗಿದಾಗ ಗಂಜಿ ಕಾಯಿಸಿಕೊಟ್ಟವರಾರು, ಊರಿನಿಂದ ಪತ್ರ ಬಾರದ ತಿಂಗಳುಗಳನ್ನು ಅವರು ಹೇಗೆ ಕಳೆದರು ಎಂಬ ಪ್ರಶ್ನೆಯೇ ನಮ್ಮಲ್ಲಿ ಏಳುವುದಿಲ್ಲ. ಕಿಟ್ಟೆಲರು ಮೊದಲ ಪತ್ನಿಯನ್ನು ಕಳೆದುಕೊಂಡು ಆಕೆಯ ಸಹೋದರಿಯನ್ನೇ ವರಿಸಿದರೆಂಬ ಸಂಗತಿ ಅವರ ಚರಿತ್ರೆಗಳಲ್ಲಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಮಿಶನರಿಯ ದಿನಚರಿಯೆಂಬ ಈ ಕತ್ತಲ ಕೋಣೆಯೊಳಕ್ಕೆ ಇಣುಕಿ ನೋಡಬೇಕೆಂಬ ಕುತೂಹಲವುಳ್ಳವರಿಗೆ ನಮ್ಮ ನಾಡಿನಿಂದ ಬಹು ದೂರದ ಎರಡು ಪುಸ್ತಕಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಅವೆರಡೂ ಒಂದೇ ಮನೆಯಿಂದ ಬಂದವು. ಒಂದು, ಸ್ಕಾಟ್ಲೆಂಡಿನ ಜಾನ್ ಗಿಬ್ಸನ್ ಪೇಟನ್ ಎಂಬ ಪಾದ್ರಿಯ ಆತ್ಮಕಥೆ. ಅದರ ಮೊದಲ ಭಾಗ 1889ರಲ್ಲಿ ಹೊರಬಂದಿತು. ಇನ್ನೊಂದು, ಆತನ ಎರಡನೆಯ ಪತ್ನಿ ಮಾರ್ಗರೆಟ್ ವ್ಹಿಟ್‌ಕ್ರಾಸ್ ಪೇಟನ್ ತನ್ನ ಬಂಧುಬಳಗಕ್ಕೆ ಬರೆದ ಪತ್ರಗಳ ಸಂಕಲನ. ಅದು ಲಂಡನ್ನಿನಲ್ಲಿ ಪ್ರಕಟವಾದುದು ಕಿಟ್ಟೆಲರ ನಿಘಂಟಿನ ವರ್ಷದಲ್ಲಿಯೇ, 1894ರಲ್ಲಿ. ಎರಡನ್ನೂ ಅಚ್ಚಿಗೆ ಸಿದ್ಧಪಡಿಸಿದವನು ಪೇಟನ್ನನ ಸೋದರ ಜೇಮ್ಸ್. ಒಂದೇ ಬಾಳು, ಒಂದೇ ದ್ವೀಪ, ಒಬ್ಬನೇ ಸಂಪಾದಕ. ಆದರೂ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದವನಿಗೆ ಎರಡು ಬೇರೆ ಬೇರೆ ಲೋಕಗಳನ್ನು ಸುತ್ತಿಬಂದಂತಾಗುತ್ತದೆ.

ಸ್ಥಳದ ವಿಷಯವಾಗಿ ಎರಡು ಮಾತು. ಆಸ್ಟ್ರೇಲಿಯಾದ ಪೂರ್ವಕ್ಕೆ, ಪೆಸಿಫಿಕ್ ಸಾಗರದಲ್ಲಿ, ಆಗ ನ್ಯೂ ಹೆಬ್ರಿಡೀಸ್ ಎಂದು ಕರೆಯಲಾಗುತ್ತಿದ್ದ ದ್ವೀಪಸ್ತೋಮವಿದೆ. 1980ರಲ್ಲಿ ಸ್ವತಂತ್ರವಾದ ಮೇಲೆ ಅದಕ್ಕೆ ವನುವಾಟು ಎಂದು ಹೆಸರು. ಇದರ ದಕ್ಷಿಣ ಭಾಗದ ಎರೊಮಾಂಗಾ ದ್ವೀಪದಲ್ಲಿ ಜಾನ್ ವಿಲಿಯಮ್ಸ್ ಎಂಬ ಪ್ರಖ್ಯಾತ ಮಿಶನರಿ 1839ರಲ್ಲಿ ಹತನಾದನು. ಪೇಟನ್ ತನ್ನ ಮೊದಲ ಪತ್ನಿ ಮೇರಿ ಆ್ಯನ್‌ಳೊಡನೆ ಟಾನ್ನಾ ಎಂಬ ಜ್ವಾಲಾಮುಖಿ ದ್ವೀಪದಲ್ಲಿ ಇಳಿದುದು 1858ರ ನವೆಂಬರಿನಲ್ಲಿ. 1862ರಲ್ಲಿ ಅವನು ಪ್ರಾಣ ಉಳಿಸಿಕೊಂಡು ಅಲ್ಲಿಂದ ಓಡಬೇಕಾಯಿತು. ಮರುಮದುವೆಯಾಗಿ 1866ರಲ್ಲಿ ನೆರೆಯ ಅನೀವಾಕ್ಕೆ ಬಂದನು. ಅನೀವಾ ಏಳು ಮೈಲಿ ಉದ್ದ, ಎರಡು ಮೈಲಿ ಅಗಲದ ಒಂದು ಹವಳದ ದಿಬ್ಬ, ಹೊಳೆಯಿಲ್ಲ, ಕೆರೆಯಿಲ್ಲ, ಬಿದ್ದ ಮಳೆ ಅಲ್ಲಿಯೇ ಇಂಗಿಹೋಗುತ್ತದೆ.

ಈ ನೀರಿಲ್ಲದ ನೆಲದಲ್ಲಿ ತೋಡಿದ ಬಾವಿಯೇ ಆತ್ಮಕಥೆಯ ಕೇಂದ್ರ. ಕುಡಿಯಲು ಎಳನೀರು, ಇಲ್ಲವೆ ಮಳೆಯ ನೀರು, ಸ್ನಾನಕ್ಕೆ ಸಮುದ್ರ. ನೆಲದೊಳಗಿಂದ ನೀರು ಬರುತ್ತದೆಂದು ಪಾದ್ರಿ ಹೇಳಿದಾಗ ದ್ವೀಪದ ವೃದ್ಧ ನಾಯಕ ನಮಾಕೇ ಅವನಿಗೆ ಬುದ್ಧಿ ಕೆಟ್ಟಿತೆಂದೇ ಭಾವಿಸಿದನು. ಜನ ಕೂಲಿಗೆ ಬಾರದಿರಲು, ಮೂರು ಬಕೆಟ್ಟು ಮಣ್ಣೆತ್ತಿದವನಿಗೆ ಒಂದು ಮೀನಿನ ಗಾಳ ಎಂದು ಪೇಟನ್ ದರ ಗೊತ್ತುಮಾಡಿದನು. ಹನ್ನೆರಡು ಅಡಿ ಇಳಿದ ಮೇಲೆ ಒಂದು ರಾತ್ರಿ ಬಾವಿಯ ಬದಿ ಕುಸಿಯಿತು. ಯಾರೂ ಒಳಗಿಳಿಯಲು ಒಪ್ಪಲಿಲ್ಲ. ಅವನೊಬ್ಬನೇ ಇಳಿದು ಅಗೆದನು. ಮೇಲಿದ್ದವರು ಹಗ್ಗ ಜಗ್ಗಿದರು. ಮೂವತ್ತು ಅಡಿಯ ಸುಮಾರಿಗೆ ನೆಲ ತೇವವಾಯಿತು, ನೀರು ಬಂದಿತು, ಅದು ಸಿಹಿನೀರಾಗಿತ್ತು. ಮುಂದಿನ ಆದಿತ್ಯವಾರ ನಮಾಕೇ ತಾನೇ ಎದ್ದುನಿಂತು, ಕಾಣದ ನೀರು ನೆಲದಡಿಯಲ್ಲಿ ಇದ್ದಂತೆ ಕಾಣದ ದೇವರೂ ಇದ್ದಾನೆಂದು ಉಪದೇಶ ಮಾಡಿದನು. ಅನಂತರ ಊರವರು ಬೇರೆ ಕಡೆಗಳಲ್ಲಿ ತೋಡಿದ ಬಾವಿಗಳಲ್ಲಿ ಒಂದೋ ಬಂಡೆ, ಇಲ್ಲವೆ ಉಪ್ಪುನೀರು ದೊರೆಯಿತು.

ಕಥನದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಅಧ್ಯಾಯ ಮಿಶನರಿ ಸಾಹಿತ್ಯದಲ್ಲಿ ದುರ್ಲಭ. ಗುದ್ದಲಿಯ ಭಾರ, ಮಣ್ಣಿನ ಅಂಜಿಕೆ, ಗಾಳದ ಲೆಕ್ಕ ಎಲ್ಲವೂ ಇಲ್ಲಿ ಪ್ರತ್ಯಕ್ಷ. ಆದರೆ ವಿಮರ್ಶಕನು ಕೇಳಬೇಕಾದ ಮಾತೊಂದಿದೆ: ನೀರು ಬಾರದಿದ್ದರೆ ಈ ಅಧ್ಯಾಯ ಬರೆಯಲ್ಪಡುತ್ತಿತ್ತೆ? ಆತ್ಮಕಥೆಯಲ್ಲಿ, ವಿಶೇಷವಾಗಿ ಅನೀವಾದ ಭಾಗದಲ್ಲಿ, ಸ್ಥಾನ ಪಡೆದ ದಿನಗಳೆಲ್ಲ ಏನಾದರೊಂದು ಫಲವನ್ನು ಕೊಟ್ಟ ದಿನಗಳು. ಫಲವಿಲ್ಲದೆ ಸರಿದುಹೋದ ಮಂಗಳವಾರಗಳಿಗೂ ಬುಧವಾರಗಳಿಗೂ ಅಲ್ಲಿ ಎಡೆಯಿಲ್ಲ.

ಇನ್ನೊಂದು ಪ್ರಸಂಗವನ್ನು ನೋಡಿರಿ. ಮನೆ ಕಟ್ಟುವಾಗ ಪೇಟನ್ ಒಂದು ಮರದ ಚಕ್ಕೆಯ ಮೇಲೆ ಬರೆದು, ಮೊಳೆ ಮತ್ತು ಸಲಕರಣೆಗಳನ್ನು ಕಳಿಸೆಂದು ಅದನ್ನು ಹೆಂಡತಿಯ ಬಳಿಗೆ ಕಳಿಸುತ್ತಾನೆ. ಚಕ್ಕೆ ಮಾತಾಡಿತೆಂದು ನಾಯಕ ಬೆರಗಾಗುತ್ತಾನೆ. ಸೊಗಸಾದ ಘಟನೆ. ಆದರೆ ಎರೊಮಾಂಗಾದಲ್ಲಿ ಹತನಾದ ಅದೇ ಜಾನ್ ವಿಲಿಯಮ್ಸ್ 1837ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ, ರಾರೋಟೋಂಗಾ ದ್ವೀಪದಲ್ಲಿ, ಮೂಲೆಮಟ್ಟವನ್ನು ಮರೆತುಬಂದ ಪಾದ್ರಿ ಚಕ್ಕೆಯ ಮೇಲೆ ಇದ್ದಲಿನಿಂದ ಬರೆದು ಹೆಂಡತಿಗೆ ಕಳಿಸುತ್ತಾನೆ. ಅಲ್ಲಿಯೂ ನಾಯಕ ಬೆರಗಾಗುತ್ತಾನೆ. ಪೇಟನ್ ಇದನ್ನು ಕದ್ದನೆಂದು ನಾನು ಹೇಳಲಾರೆ. ಬಡಗಿತನ ಮಾಡುವ ಪಾದ್ರಿಗಳೆಲ್ಲರೂ ಏನಾದರೊಂದನ್ನು ಮರೆಯುವವರೇ, ಕಾಗದ ಕೈಗೆ ಸಿಗದಿದ್ದಾಗ ಚಕ್ಕೆಯೇ ಕಾಗದ. ಎರಡೂ ನಿಜವಿರಬಹುದು. ಆದರೆ ನೂರಾರು ಘಟನೆಗಳಲ್ಲಿ ಇದನ್ನೇ ಆಯ್ದು ಬರೆಯುವಂತೆ ಮಾಡಿದುದು ದ್ವೀಪದ ಅನುಭವವಲ್ಲ, ಗ್ರಂಥಪರಂಪರೆ. ನಮ್ಮ ಹರಿಕಥೆಗಳಲ್ಲಿ ಒಬ್ಬ ಸಂತನ ಪವಾಡ ಇನ್ನೊಬ್ಬನಿಗೆ ಬಳುವಳಿಯಾಗಿ ಬರುವುದನ್ನು ಕೇಳಿ ಬೆಳೆದವರಿಗೆ ಇದು ಹೊಸದೇನೂ ಅಲ್ಲ.

ಬ್ಯಾಂಕಿನ ಉದ್ಯೋಗದಲ್ಲಿರುವ ನನಗೆ ಒಂದು ಉಪಮಾನ ತೋರುತ್ತದೆ. ಆತ್ಮಕಥೆ ಒಂದು ಅಢಾವೆ ಪತ್ರಿಕೆ; ವರ್ಷಾಂತ್ಯಕ್ಕೆ, ಹಣ ತೊಡಗಿಸಿದವರ ಮುಂದೆ ಇಡಲೆಂದು ಸಿದ್ಧವಾದುದು. ಇದು ನಿಂದೆಯ ಮಾತಲ್ಲ. ಪೇಟನ್ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕಗಳಲ್ಲಿ ಊರೂರು ತಿರುಗಿ ದ್ವೀಪಗಳಿಗಾಗಿ ಹಣ ಕೂಡಿಸಿದನು. ‘ಡೇಸ್ಪ್ರಿಂಗ್’ ಎಂಬ ಮಿಶನ್ ಹಡಗಿಗೆ ಭಾನುವಾರದ ಶಾಲೆಗಳ ಮಕ್ಕಳು ತಮ್ಮ ಪುಡಿಗಾಸನ್ನು ಸುರಿದರು. ಅವರಿಗೆ ಲೆಕ್ಕ ಒಪ್ಪಿಸುವುದು ಅವನ ಧರ್ಮವಾಗಿತ್ತು. ಮಾರ್ಗರೆಟ್‌ಳ ಪತ್ರಗಳಾದರೋ ರೋಜುಕೀರ್ದಿ. ಅಂದಂದಿನ ಜಮೆ ಅಂದಂದಿನ ಖರ್ಚು. ಒಟ್ಟು ಏನಾಯಿತೆಂಬುದು ಬರೆಯುವಾಗ ಅವಳಿಗೂ ತಿಳಿಯದು.

ಆ ಕೀರ್ದಿಯಲ್ಲಿ ಏನೇನಿದೆ? ಮಕ್ಕಳ ಕಾಯಿಲೆ, ಹಡಗಿನ ದಾರಿ ಕಾಯುವುದು, ತಿಂಗಳುಗಟ್ಟಲೆ ಹಳಸಿದ ಸುದ್ದಿಯನ್ನು ಒಂದೇ ದಿನ ಓದಿಮುಗಿಸುವ ಆತುರ, ಕೆಲಸ ಕಲಿಯಲು ಮನೆಯಲ್ಲಿರುವ ದ್ವೀಪದ ಹುಡುಗಿಯರು, ಹೊಲಿಗೆ, ಅಡಿಗೆ, ಹಾರ್ಮೋನಿಯಂ. ಗಂಡನ ಉತ್ಸಾಹವನ್ನು ಕಂಡು ಅವಳು ಮೆಲ್ಲನೆ ನಗಬಲ್ಲಳು. ಆ ನಗೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆತ್ಮಕಥೆಯಲ್ಲಿ ಇವಳ ಕೆಲಸ ಕೆಲವೇ ಸಾಲುಗಳಲ್ಲಿ ಬರುತ್ತದೆ: ಸುಮಾರು ಐವತ್ತು ಮಂದಿ ಹೆಂಗಸರಿಗೂ ಹುಡುಗಿಯರಿಗೂ ಓದು, ಹಾಡು, ಹೊಲಿಗೆ, ಟೊಪ್ಪಿಗೆ ಹೆಣೆಯುವುದು ಇವುಗಳನ್ನು ಕಲಿಸಿದಳೆಂದು. ಆ ಸಾಲುಗಳ ಹಿಂದೆ ಎಷ್ಟು ಅಪರಾಹ್ನಗಳು, ಎಷ್ಟು ಸಲ ತಲೆನೋವು, ಎಷ್ಟು ಸಲ ಬಸುರಿನ ಬಳಲಿಕೆ ಇದ್ದೀತೆಂಬುದನ್ನು ತಿಳಿಯಲು ಪತ್ರಗಳಿಗೇ ಹೋಗಬೇಕು. ಅವಳು ಹೆತ್ತ ಹತ್ತು ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ಇಷ್ಟಾದರೂ ಪತ್ರಗಳು ಗೋಳಿನ ಕಂತೆಯಲ್ಲ. ಅವುಗಳ ಸ್ವರ ಗೆಲುವಿನದು. ಅವಳ ಶ್ರದ್ಧೆ ನನಗೆ ಹೆಚ್ಚು ನಂಬಲರ್ಹವಾಗಿ ತೋರುವುದು ಇದರಿಂದಲೇ. ಫಲವನ್ನು ತೋರಿಸಬೇಕಾದ ಹಂಗು ಅದಕ್ಕಿಲ್ಲ.

ಇಲ್ಲಿ ಒಂದು ಸ್ವಂತದ ಮಾತಿಗೆ ವಾಚಕರು ಕ್ಷಮಿಸಬೇಕು. ನನ್ನ ತಂದೆ ಉದ್ಯೋಗಕ್ಕಾಗಿ ಮುಂಬಯಿಗೆ ಬಂದ ಮೊದಲ ವರ್ಷಗಳ ಕಾಗದಗಳು ಊರಿನ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕವು. ಅವರು ತಮ್ಮ ತಂದೆಗೆ ಬರೆದವುಗಳಲ್ಲಿ ಬಡ್ತಿ, ಮನಿಆರ್ಡರು, ‘ಇಲ್ಲಿ ಎಲ್ಲ ಕ್ಷೇಮ’. ಅದೇ ಲಕೋಟೆಯಲ್ಲಿ ನನ್ನ ತಾಯಿ ತಮ್ಮ ಅತ್ತೆಗೆ ಬರೆದ ಚೀಟಿಗಳಲ್ಲಿ ಚಾಳಿನ ನಲ್ಲಿಗೆ ನೀರು ಬರುವ ಹೊತ್ತು, ಮರಾಠಿ ಬಾರದೆ ತರಕಾರಿಯವಳೊಡನೆ ಕೈಸನ್ನೆಯಲ್ಲಿ ಮಾಡಿದ ವ್ಯಾಪಾರ, ಜೋಳದ ಹಿಟ್ಟು ಸಿಗುವ ಅಂಗಡಿ. ಎರಡೂ ಸುಳ್ಳಲ್ಲ. ಆದರೆ ನಾವು ಮುಂಬಯಿಯಲ್ಲಿ ಹೇಗೆ ಬದುಕಿದೆವೆಂದು ನನ್ನ ಮಕ್ಕಳು ಕೇಳಿದರೆ ನಾನು ತೆಗೆದು ಕೊಡುವುದು ಯಾವ ಕಾಗದಗಳನ್ನು? ಹೊರನಾಡಿನ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತಿರುವಿಹಾಕಿದರೂ ಇದೇ ತೋರುತ್ತದೆ: ಅಧ್ಯಕ್ಷರ ಯಾದಿ, ಕಟ್ಟಡ ನಿಧಿಯ ಮೊತ್ತ, ಉದ್ಘಾಟನೆಯ ಭಾವಚಿತ್ರ. ನಾಟಕದ ತಾಲೀಮಿಗೆ ಬಂದವರಿಗೆ ಚಹಾ ಕಾಯಿಸಿದವರ ಹೆಸರು ಅಲ್ಲಿರುವುದಿಲ್ಲ.

ಪೇಟನ್ನನಿಗೆ ಅನ್ಯಾಯವಾಗಬಾರದು. ಅವನ ಗ್ರಂಥದಲ್ಲಿಯೂ ಲೆಕ್ಕಪತ್ರ ಬದಿಗೆ ಸರಿದು ದಿನ ಎದ್ದುನಿಲ್ಲುವ ಸ್ಥಳಗಳಿವೆ. ಅವು ಹೆಚ್ಚಾಗಿ ಟಾನ್ನಾದ ಸೋಲಿನ ವರ್ಷಗಳಲ್ಲಿವೆ. ಮೊದಲ ಮನೆಯನ್ನು ಅವನು ಸಮುದ್ರದ ಅಂಚಿನಲ್ಲಿ, ತಗ್ಗಿನಲ್ಲಿ ಕಟ್ಟಿದನು. ಚಳಿಜ್ವರ ಹಿಡಿಯಿತು. 1859ರ ಫೆಬ್ರವರಿಯಲ್ಲಿ ಮಗು ಹುಟ್ಟಿತು; ಮಾರ್ಚ್ 3ರಂದು ತಾಯಿ, 20ರಂದು ಮಗು ತೀರಿಕೊಂಡರು. ಗೋರಿಯನ್ನು ತೋಡಿದವನೂ, ಅದರ ಮೇಲೆ ಹವಳದ ಕಲ್ಲುಗಳನ್ನು ಜೋಡಿಸಿದವನೂ ಅವನೇ. ಮನೆಯನ್ನು ಎತ್ತರದಲ್ಲಿ ಕಟ್ಟಬೇಕಾಗಿತ್ತೆಂದು ಆಮೇಲೆ ಬರೆಯುವಾಗ ಅವನ ವಾಕ್ಯಗಳಿಂದ ಉಪದೇಶಕನ ಸ್ವರ ಇಳಿದುಹೋಗಿ, ತಪ್ಪು ಮಾಡಿದ ಮನುಷ್ಯನ ಸ್ವರ ಕೇಳುತ್ತದೆ. ರಾತ್ರಿ ಅಪಾಯ ಬಂದಾಗ ಎಚ್ಚರಿಸುತ್ತಿದ್ದ ಕ್ಲೂಥಾ ಎಂಬ ನಾಯಿ, ಬಟ್ಟೆ ಕಳಚದೆ ಮಲಗುವ ರಾತ್ರಿಗಳು, ಮೇಲಿಂದ ಮೇಲೆ ಮರುಕಳಿಸುವ ಜ್ವರ, ಇವು ಯಾವ ದಾನಿಯನ್ನೂ ಮೆಚ್ಚಿಸಲು ಬರೆದವಲ್ಲ.

ಆದರೆ ಅದೇ ಲೇಖನಿ 1865ರ ವಿಷಯಕ್ಕೆ ಬಂದಾಗ ವಕೀಲನ ಕೈಗೆ ಹೋಗುತ್ತದೆ. ಆ ವರ್ಷ ‘ಕ್ಯುರಸೋವಾ’ ಎಂಬ ಬ್ರಿಟಿಷ್ ಯುದ್ಧನೌಕೆ ಟಾನ್ನಾದ ಹಳ್ಳಿಗಳ ಮೇಲೆ ಗುಂಡು ಹಾರಿಸಿತು; ಪೇಟನ್ ಆಗ ದುಭಾಷಿಯಾಗಿ ನೆರವಾಗಿದ್ದನು. ಅನೇಯ್ಟಿಯಮ್ ದ್ವೀಪದ ಹಿರಿಯ ಮಿಶನರಿ ಜಾನ್ ಗೆಡ್ಡಿಯೇ ಇದನ್ನು ಖಂಡಿಸಿದನು. ಪೇಟನ್ ತನ್ನ ಸಮರ್ಥನೆಯನ್ನು ಬರೆದಿದ್ದಾನೆ, ಚೆನ್ನಾಗಿಯೇ ಬರೆದಿದ್ದಾನೆ. ಆದರೆ ಗುಂಡಿನ ಕೆಳಗಿದ್ದವರ ಆ ದಿನ ಹೇಗಿತ್ತೆಂಬುದು ಆ ಪುಟಗಳಲ್ಲಿ ಸಿಗುವುದಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರ ನಡುವೆ ಬದುಕಿ, ಅವರ ಮಾತನ್ನು ಕಲಿತವನಿಂದ ಇದನ್ನು ಅಪೇಕ್ಷಿಸುವುದು ಅತಿಯಾಗಲಾರದು.

ಈ ಕೊರತೆ ಗಂಡನದು ಮಾತ್ರವಲ್ಲ. ಮಾರ್ಗರೆಟ್‌ಳ ಪತ್ರಗಳ ಹುಡುಗಿಯರು ಜೀವಂತರು, ನಗುವವರು, ಮುನಿಯುವವರು. ಆದರೆ ನಾವು ಅವರನ್ನು ಕಾಣುವುದು ಮಿಶನ್ ಮನೆಯ ಹೊಸ್ತಿಲೊಳಗೆ ಬಂದಾಗ ಮಾತ್ರ. ಹೊಸ್ತಿಲು ದಾಟಿ ಹೋದ ಮೇಲೆ ಅವರು ತಾಯಂದಿರೊಡನೆ ಏನು ಮಾತಾಡಿಕೊಂಡರು? 1861ರಲ್ಲಿ ದಡಾರ ಬಂದು ಅನೇಯ್ಟಿಯಮ್ಮಿನ ಮೂರನೆಯ ಒಂದು ಪಾಲು ಜನ ಸತ್ತುಹೋದರು. ಆ ದಶಕದಿಂದಲೇ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಿಗೆ ಆಳು ಹಿಡಿಯುವ ಹಡಗುಗಳು ಈ ದ್ವೀಪಗಳಿಗೆ ಬಂದವು. ಈ ವ್ಯಾಪಾರವನ್ನು ಪೇಟನ್ ಕಡೆಯವರೆಗೂ ವಿರೋಧಿಸಿದನೆಂಬುದು ಅವನ ದೊಡ್ಡ ಹಿರಿಮೆ. ಆದರೂ ಅಣ್ಣತಮ್ಮಂದಿರನ್ನು ಕಳೆದುಕೊಂಡ ಮನೆಗಳ ಒಳಗಿನ ಮಾತು ಎರಡೂ ಗ್ರಂಥಗಳಲ್ಲಿ ದೂರದ ಗುಸುಗುಸುವಾಗಿಯೇ ಉಳಿಯುತ್ತದೆ. ಟಾನ್ನಾದಲ್ಲಿ ಪೇಟನ್ನನ ಜ್ವರಕ್ಕೆ ಶುಶ್ರೂಷೆ ಮಾಡಿ, ಎಲ್ಲ ಅಪಾಯದಲ್ಲಿಯೂ ಕೊನೆಯವರೆಗೆ ಜೊತೆಗೆ ನಿಂತವನು ಅನೇಯ್ಟಿಯಮ್ಮಿನ ಉಪಾಧ್ಯಾಯ ಅಬ್ರಹಾಂ. ಅವನೂ ಪರದೇಶಕ್ಕೆ ಬಂದ ಮಿಶನರಿಯೇ. ಟಾನ್ನಾದ ಭಾಷೆ ಅವನಿಗೂ ಪರಭಾಷೆ. ಅವನಿಗೆ ಪೇಟನ್ ಕೊಟ್ಟ ಹೊಗಳಿಕೆ ಹೃತ್ಪೂರ್ವಕವಾದುದು. ಅವನ ದಿನಚರಿಯಾದರೋ ನಮಗೆ ದೊರೆತಿಲ್ಲ. ನಮ್ಮಲ್ಲಿ 1844ರಲ್ಲಿ ಮತಾಂತರಗೊಂಡು, ಬಾಸೆಲಿಗೆ ಹೋಗಿ ಕಲಿತು, ತಾನೇ ಮಿಶನರಿಯಾದ ಮಂಗಳೂರಿನ ಆನಂದರಾವ್ ಕೌಂಡಿನ್ಯರ ಹೆಸರಾದರೂ ಉಳಿದಿದೆ. ಅಬ್ರಹಾಮನಿಗೆ ಉಳಿದುದು ಮತ್ತೊಬ್ಬನ ಪುಸ್ತಕದಲ್ಲಿ ಕೆಲವು ಪುಟ.

ಅನೀವಾದ ಜನ ತಮ್ಮ ಪುಸ್ತಕಗಳ ಅಚ್ಚಿನ ಖರ್ಚಿಗಾಗಿ ಆರಾರೂಟು ಬೆಳೆದರು, ನಮ್ಮಲ್ಲಿ ಕೂವೆಹಿಟ್ಟು ಎನ್ನುವುದನ್ನು. ಗಡ್ಡೆಯನ್ನು ತುರಿದು, ತೊಳೆದು, ಒಣಗಿಸಿ, ತುಂಬಿ ಕಳಿಸಿದ ಹಿಟ್ಟು ಆಸ್ಟ್ರೇಲಿಯಾದಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಮಾರಾಟವಾಯಿತು. ಹವಳದ ದಿಬ್ಬದ ಮೇಲೆ ಎಷ್ಟೋ ವರ್ಷ ನಡೆದ ಈ ದುಡಿಮೆಗೆ ಬಾವಿಯಷ್ಟು ದೀರ್ಘವಾದ ಅಧ್ಯಾಯ ಸಿಗಲಿಲ್ಲ. ಪೇಟನ್ ಒಡೆದುಹೋದ ಮುದ್ರಣಯಂತ್ರವೊಂದನ್ನು ಸರಿಪಡಿಸಿ, ತಾನೇ ಮೊಳೆ ಜೋಡಿಸಿ ಮೊದಲ ಪುಸ್ತಕವನ್ನು ಅಚ್ಚು ಮಾಡಿದಾಗ, ದಿನದಿನವೂ ಬಂದು ವಿಚಾರಿಸುತ್ತಿದ್ದ ನಮಾಕೇ ಅದನ್ನು ಕೈಗೆ ತೆಗೆದುಕೊಂಡು ನೋಡಿದನು. ಅದು ತನ್ನೊಡನೆ ಮಾತಾಡುವುದಿಲ್ಲವೆಂದು ನಿರಾಶನಾದನು. ಮುದುಕನ ಕಣ್ಣು ಮಂಜಾಗಿದೆಯೆಂದು ಪೇಟನ್ನನಿಗೆ ಹೊಳೆಯಿತು. ಒಂದು ಕನ್ನಡಕ ಹುಡುಕಿ ಕೊಟ್ಟನು. ನಮಾಕೇ ಅಕ್ಷರ ಕಲಿಯಲು ಕುಳಿತನು.