ಚಂಚಲ ಬಾಲಕರ ಔಷಧರಹಿತ ಚಿಕಿತ್ಸೆ: ಒಂದು ಸಾಕ್ಷ್ಯವಿಮರ್ಶೆ

ಅವಧಾನದ ಕೊರತೆಯನ್ನೂ ಅತಿಚಾಂಚಲ್ಯವನ್ನೂ ಲಕ್ಷಣವಾಗಿ ಉಳ್ಳ ಎ.ಡಿ.ಎಚ್.ಡಿ. ಎಂಬ ಸ್ಥಿತಿಗೆ ಔಷಧವಿಲ್ಲದ ಪರಿಹಾರಗಳನ್ನು ಸೂಚಿಸುವ ಬರಹಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ಅನೇಕಕ್ಕೆ ಮೂಲವೆನ್ನಬಹುದಾದ ಗ್ರಂಥ, ಬೆಂಜಮಿನ್ ಫೈನ್‌ಗೋಲ್ಡ್ ಅವರು 1975ರಲ್ಲಿ ಪ್ರಕಟಿಸಿದ ‘ವೈ ಯುವರ್ ಚೈಲ್ಡ್ ಈಸ್ ಹೈಪರ್‌ಆ್ಯಕ್ಟಿವ್’. ವೈದ್ಯಗ್ರಂಥವೊಂದನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಅನಧಿಕಾರ ಚೇಷ್ಟೆಯೆಂದು ಕೆಲವರಿಗೆ ತೋರಬಹುದು. ಮಗುವಿಗೆ ಏನನ್ನು ಕೊಡಬೇಕು ಎಂಬುದು ವೈದ್ಯರು ಹೇಳತಕ್ಕ ಮಾತು, ನಿಜ. ಆದರೆ ‘ನಾನು ಕಣ್ಣಾರೆ ಕಂಡೆ’ ಎಂದು ಒಬ್ಬರು ನುಡಿದಾಗ, ಕಾಣುವುದಕ್ಕೆ ಮುಂಚೆ ಅವರು ಏನನ್ನು ನಂಬಿದ್ದರು ಎಂದು ವಿಚಾರಿಸುವುದು ನಮ್ಮ ಶಾಸ್ತ್ರದ ನಿತ್ಯದ ಕೆಲಸವಷ್ಟೆ.

ಫೈನ್‌ಗೋಲ್ಡ್ ಅವರು ಕಪಟವೈದ್ಯರಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿ ಅಲರ್ಜಿತಜ್ಞರಾಗಿದ್ದವರು. 1965ರಲ್ಲಿ ಪಿತ್ತಗಂಧೆಯಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಅವರು ಪಥ್ಯ ವಿಧಿಸಿದರು. ಗಂಧೆ ಇಳಿದುದಲ್ಲದೆ ಆಕೆಯ ನಡತೆಯೂ ಸುಧಾರಿಸಿತೆಂದು ಆಕೆಯ ಮನೋವೈದ್ಯರಿಂದ ತಿಳಿದುಬಂದಿತು. ಈ ಬೀಜದಿಂದಲೇ ಅವರ ವಾದ ಬೆಳೆಯಿತು. ಕೃತಕ ಬಣ್ಣ, ಕೃತಕ ರುಚಿ ಮತ್ತು ಕೆಲವು ಹಣ್ಣು ತರಕಾರಿಗಳಲ್ಲಿ ಸಹಜವಾಗಿರುವ ಸ್ಯಾಲಿಸಿಲೇಟುಗಳನ್ನು ತ್ಯಜಿಸಿದರೆ ಚಂಚಲ ಬಾಲಕರಲ್ಲಿ ಬಹುಮಂದಿ ಶಾಂತರಾಗುವರೆಂದು 1973ರಲ್ಲಿ ಅಮೆರಿಕದ ವೈದ್ಯಸಂಘದ ಸಭೆಯಲ್ಲಿ ಅವರು ಸಾರಿದರು. 1976ರ ಹೊತ್ತಿಗೆ ಅವರ ಹೆಸರಿನಲ್ಲಿ ತಾಯ್ತಂದೆಗಳ ಸಂಘವೇ ಏರ್ಪಟ್ಟಿತು.

ಗ್ರಂಥದ ಬಲವೆಲ್ಲ ಒಂದೊಂದು ಮಗುವಿನ ವೃತ್ತಾಂತದಲ್ಲಿದೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಪಥ್ಯವನ್ನು ಮನೆಮಂದಿಯೆಲ್ಲ ಹಿಡಿಯಬೇಕೆಂದು ಗ್ರಂಥಕರ್ತರು ವಿಧಿಸುತ್ತಾರೆ. ಅಂಗಡಿಯ ಪೊಟ್ಟಣಗಳ ಮೇಲಿನ ಬರಹವನ್ನು ಓದಬೇಕು, ತಿಂಡಿಯನ್ನು ಮನೆಯಲ್ಲೇ ಮಾಡಬೇಕು. ಹೀಗೆ ಇಡೀ ಮನೆ ಒಂದು ಮಗುವಿನ ಸುತ್ತ ಹೊಸದಾಗಿ ಅಣಿಗೊಂಡ ಮೇಲೆ ಮಗುವಿನಲ್ಲಿ ಕಂಡ ಬದಲಾವಣೆಗೆ ಬಣ್ಣ ಬಿಟ್ಟದ್ದು ಕಾರಣವೋ, ಮನೆಯ ಹೊಸ ಕ್ರಮ ಕಾರಣವೋ, ತಾಯಿಯ ನಿರೀಕ್ಷೆ ಕಾರಣವೋ ಎಂದು ಬಿಡಿಸಿ ಹೇಳುವ ಉಪಾಯ ಈ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಆ ತಾಯಂದಿರು ಸುಳ್ಳು ಹೇಳಿದರೆಂದು ನಾವು ಸೂಚಿಸುತ್ತಿಲ್ಲ. ಪ್ರಾಮಾಣಿಕ ಸಾಕ್ಷಿಯೂ ತಪ್ಪಬಹುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು.

ಇಂಥ ಸಾಕ್ಷ್ಯವನ್ನು ಪರೀಕ್ಷಿಸುವ ವಿಧಾನ ಹೊಸದೇನೂ ಅಲ್ಲ. 1796ರಲ್ಲಿ ಎಲಿಷಾ ಪರ್ಕಿನ್ಸ್ ಎಂಬ ಅಮೆರಿಕದ ವೈದ್ಯರು ನೋವು ಕಳೆಯುವ ಲೋಹದ ಕಡ್ಡಿಗಳಿಗೆ ಪೇಟೆಂಟು ಪಡೆದಿದ್ದರು. 1799ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಜಾನ್ ಹೇಗಾರ್ತ್ ಅವರು ಲೋಹದಂತೆ ಕಾಣುವ ಮರದ ಕಡ್ಡಿಗಳನ್ನು ಐವರು ರೋಗಿಗಳ ಮೇಲೆ ಎಳೆದರು. ನಾಲ್ವರಿಗೆ ನೋವು ಕಡಿಮೆಯಾಯಿತು. ಮರುದಿನ ನಿಜವಾದ ಲೋಹದ ಕಡ್ಡಿಯಿಂದ ಬಂದ ಫಲವೂ ಅಷ್ಟೆ.

ಫೈನ್‌ಗೋಲ್ಡ್ ವಾದಕ್ಕೆ ಇದೇ ಪರೀಕ್ಷೆ ಒದಗಿದ್ದು 1978ರಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾರ್ಲಿ ಮತ್ತು ಸಂಗಡಿಗರು 36 ಶಾಲಾಬಾಲಕರ ಮತ್ತು 10 ಎಳೆಯರ ಮನೆಗಳಿಗೆ ಅಡುಗೆಯ ಸಾಮಾನನ್ನೆಲ್ಲ ತಾವೇ ಒದಗಿಸಿ, ಯಾವ ವಾರ ಯಾವ ಪಥ್ಯವೆಂಬುದು ಯಾರಿಗೂ ತಿಳಿಯದಂತೆ ನೋಡಿಕೊಂಡರು. ಶಾಲಾಬಾಲಕರಲ್ಲಿ ಉಪಾಧ್ಯಾಯರಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎಳೆಯರ ತಾಯಂದಿರು ಮಾತ್ರ ಸುಧಾರಣೆ ಕಂಡರೆಂಬುದನ್ನು ವರದಿ ಮುಚ್ಚಿಡಲಿಲ್ಲ, ವಿಮರ್ಶಕರೂ ಮುಚ್ಚಿಡಬಾರದು.

ಇದಕ್ಕಿಂತ ಹೆಚ್ಚು ವಿಚಾರಾರ್ಹವಾದುದು 1994ರಲ್ಲಿ ಹೂವರ್ ಮತ್ತು ಮಿಲಿಕ್ ಪ್ರಕಟಿಸಿದ ಪ್ರಯೋಗ. ಸಕ್ಕರೆ ತಿಂದರೆ ತಮ್ಮ ಮಗ ಕೆರಳುತ್ತಾನೆಂದು ನಂಬಿದ್ದ ತಾಯಂದಿರನ್ನು ಕರೆದು, ಕೆಲವರಿಗೆ ‘ನಿಮ್ಮ ಮಗನಿಗೆ ಈಗ ಬಹಳ ಸಕ್ಕರೆ ಕೊಟ್ಟಿದ್ದೇವೆ’ ಎಂದು ಹೇಳಲಾಯಿತು. ವಾಸ್ತವವಾಗಿ ಯಾವ ಬಾಲಕನಿಗೂ ಸಕ್ಕರೆ ಕೊಟ್ಟಿರಲಿಲ್ಲ. ಆದರೂ ಆ ಮಾತನ್ನು ಕೇಳಿದ ತಾಯಂದಿರು ಮಗನ ಚಾಂಚಲ್ಯ ಹೆಚ್ಚಿತೆಂದು ಬರೆದರು. ಅಷ್ಟೇ ಅಲ್ಲ, ಅವರು ಮಗನ ಬಳಿಯಿಂದ ಕದಲದೆ ಕುಳಿತರು, ಅವನನ್ನು ಹೆಚ್ಚಾಗಿ ಆಕ್ಷೇಪಿಸಿದರು. ನಂಬಿಕೆ ಇಲ್ಲಿ ನೋಟವನ್ನು ಮಾತ್ರವಲ್ಲ, ಮಗುವಿನೊಡನೆ ನಡೆದುಕೊಳ್ಳುವ ರೀತಿಯನ್ನೂ ಬದಲಿಸಿತು. ‘ಪಥ್ಯದಿಂದ ಗುಣ ಬರದಿದ್ದರೂ ಕೆಡುಕೇನಿದೆ?’ ಎಂದು ಕೇಳುವವರಿಗೆ ಈ ಪ್ರಯೋಗವೇ ಉತ್ತರ. ಪಥ್ಯ ಫಲಿಸದಾಗ ‘ಎಲ್ಲೋ ಕದ್ದು ತಿಂದಿರಬೇಕು’ ಎಂಬ ಸಂಶಯ ಮಗುವಿನ ತಲೆಗೆ ಬರುತ್ತದೆ. ‘ಅಡುಗೆಯಲ್ಲಿ ತಪ್ಪಿದೆ’ ಎಂಬ ದೂರು ತಾಯಿಯ ತಲೆಗೆ ಬರುತ್ತದೆ.

ಎದುರುಪಕ್ಷವೂ ನಿರ್ಲಿಪ್ತವಾಗಿರಲಿಲ್ಲ. ಈ ವಾದವನ್ನು ಪರಿಶೀಲಿಸಲು ಸಮಿತಿ ನೇಮಿಸಿದ ನ್ಯೂಟ್ರಿಷನ್ ಫೌಂಡೇಷನ್ನಿಗೆ ಆಹಾರೋದ್ಯಮದ ಧನಸಹಾಯವಿತ್ತು. ಪಥ್ಯದ ಪಕ್ಷಪಾತಿಗಳು ಇದನ್ನು ಪದೇ ಪದೇ ಎತ್ತಿ ಆಡುತ್ತಾರೆ. ಆದರೆ ಶಾಸನವನ್ನು ಬರೆಯಿಸಿದ ಅರಸನಿಗೆ ಸ್ವಾರ್ಥವಿತ್ತೆಂದು ನಾವು ಶಾಸನವನ್ನು ಎಸೆಯುವುದಿಲ್ಲ. ಬೇರೆ ಸಾಕ್ಷ್ಯದೊಡನೆ ಹೋಲಿಸುತ್ತೇವೆ.

ಹೋಲಿಸಿದರೆ ಫೈನ್‌ಗೋಲ್ಡ್ ವಾದದಲ್ಲಿ ಸ್ವಲ್ಪ ಉಳಿಯುತ್ತದೆ. 2007ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ ಹಾಗೂ 8–9 ವರ್ಷದ ಸಾಮಾನ್ಯ ಮಕ್ಕಳಿಗೆ ಕೃತಕ ಬಣ್ಣ ಮತ್ತು ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು, ಚಾಂಚಲ್ಯದಲ್ಲಿ ಸಣ್ಣ ಏರಿಕೆಯನ್ನು ಕಂಡರು. 2010ರ ಜುಲೈಯಿಂದ ಯೂರೋಪಿನ ಒಕ್ಕೂಟ ಆರು ಬಣ್ಣಗಳಿಗೆ ಎಚ್ಚರಿಕೆಯ ಬರಹವನ್ನು ಕಡ್ಡಾಯ ಮಾಡಿತು. (2024ರಲ್ಲಿ ನಮ್ಮ ರಾಜ್ಯ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದನ್ನು ಇದಕ್ಕೆ ಸಾಕ್ಷಿಯಾಗಿ ತರಕೂಡದು, ಅಲ್ಲಿನ ಭಯ ರೋಡಮೈನ್-ಬಿಯಂಥ ವಿಷಬಣ್ಣದ್ದು.) 2013ರಲ್ಲಿ ಸೊನುಗಾ-ಬಾರ್ಕ್ ಮತ್ತು ಸಂಗಡಿಗರು 54 ಪ್ರಯೋಗಗಳನ್ನು ಒಟ್ಟುಗೂಡಿಸಿ ಆರು ಬಗೆಯ ಔಷಧರಹಿತ ಕ್ರಮಗಳನ್ನು ತೂಗಿದರು. ಚಿಕಿತ್ಸೆಗೆ ಹತ್ತಿರದಲ್ಲಿದ್ದವರ ಮಾತಿನಂತೆ ಆರೂ ಫಲಕಾರಿ. ಯಾವ ಮಗುವಿಗೆ ಏನು ನಡೆಯುತ್ತಿದೆಯೆಂದು ಅರಿಯದವರ ಮಾತಿನಂತೆ, ಕೃತಕ ಬಣ್ಣಗಳ ವರ್ಜನೆ ಮತ್ತು ಮೀನೆಣ್ಣೆಯಂಥ ಕೊಬ್ಬಿನಾಮ್ಲಗಳು ಎರಡೇ ನಿಂತವು. ಕೊಬ್ಬಿನಾಮ್ಲದ ಫಲ ಅತ್ಯಲ್ಪ. ಬಣ್ಣದ ವರ್ಜನೆಯ ಫಲ ಬಹುಮಟ್ಟಿಗೆ ಆಹಾರ ಒಗ್ಗದ ಮಕ್ಕಳಿಗೆ ಸೀಮಿತ.

ಹಾಗೆಂದು ತಾಯ್ತಂದೆಗಳಿಗೆ ನೀಡುವ ತರಬೇತಿ ವ್ಯರ್ಥವೆಂದು ತೀರ್ಮಾನಿಸಿದರೆ ಅದು ಅವಸರದ ಓದು. 2014ರ ಮತ್ತೊಂದು ಸಮೀಕ್ಷೆಯಲ್ಲಿ, ಅಂಥ ತರಬೇತಿಯಿಂದ ಮಕ್ಕಳನ್ನು ನಡೆಸಿಕೊಳ್ಳುವ ರೀತಿ ಸುಧಾರಿಸಿ ಹಠ, ಜಗಳಗಳು ಇಳಿದುದು ಏನೂ ಅರಿಯದ ವೀಕ್ಷಕರಿಗೂ ಕಂಡಿತು. ಅವಧಾನ ಹೆಚ್ಚಲಿಲ್ಲ, ಮನೆ ಹಗುರಾಯಿತು. ಔಷಧದ ಪಕ್ಷದವರೂ ಗಮನಿಸತಕ್ಕ ಸಂಗತಿಯೊಂದುಂಟು: 1999ರಲ್ಲಿ 579 ಮಕ್ಕಳ ಅಮೆರಿಕದ ಪ್ರಯೋಗದಲ್ಲಿ 14 ತಿಂಗಳ ಕೊನೆಗೆ ಔಷಧಕ್ಕಿದ್ದ ಮೇಲುಗೈ ಮೂರನೆಯ ವರ್ಷದ ಹೊತ್ತಿಗೆ ಕಾಣದಾಗಿತ್ತು.

ಇನ್ನು ನಮ್ಮಲ್ಲಿ ಪ್ರಸಿದ್ಧವಾದ ಬ್ರಾಹ್ಮಿ. ಮಲೆನಾಡಿನಲ್ಲೂ ಕರಾವಳಿಯಲ್ಲೂ ತಂಬುಳಿಗೆ ಬಳಸುವ ಒಂದೆಲಗಕ್ಕೂ, ನೀರಿನ ಬದಿಯ ನೀರುಬ್ರಾಹ್ಮಿಗೂ ಇದೊಂದೇ ಹೆಸರು ಸಲ್ಲುತ್ತದೆ. ಗಿಡಗಳು ಮಾತ್ರ ಬೇರೆ ಬೇರೆ. ನೀರುಬ್ರಾಹ್ಮಿಯ ಸಾರವನ್ನು ಚಂಚಲ ಬಾಲಕರಿಗೆ 14 ವಾರ ಕೊಟ್ಟು ಆಸ್ಟ್ರೇಲಿಯದಲ್ಲಿ ನಡೆಸಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಬುದ್ಧಿಪರೀಕ್ಷೆಯ ಕೆಲವು ಅಂಶಗಳಲ್ಲಿ ಲಾಭ ಕಂಡರೂ ಚಾಂಚಲ್ಯ ಮತ್ತು ಅನವಧಾನಗಳಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಫಲ ಕಾಣಲಿಲ್ಲ. ಇದನ್ನು ಒಂದೆಲಗದ ಪರವಾಗಿಯೂ ಉದಾಹರಿಸುವಂತಿಲ್ಲ, ವಿರುದ್ಧವಾಗಿಯೂ ಉದಾಹರಿಸುವಂತಿಲ್ಲ.